ಚಿಕ್ಕು ದೇವರಿಗೆ ನಮಸ್ಕಾರ ಮಾಡಿದ್ದು

ಅಡುಗೆ ಮಾಡುವವರು ಯಾವ ಪಾಪವನ್ನು ಬೇಕಾದರೂ ಒಪ್ಪಿಕೊಂಡಾರು, ಒಂದನ್ನು ಬಿಟ್ಟು. ಉಪ್ಪು ಹೆಚ್ಚಾಗಿದೆ ಅಂದರೆ ಒಪ್ಪುತ್ತೇವೆ. ತಳ ಹಿಡಿದಿದೆ ಅಂದರೆ ಪಾತ್ರೆಯನ್ನು ಬೈದುಕೊಂಡಾದರೂ ಒಪ್ಪುತ್ತೇವೆ. ಆದರೆ "ನಿಮ್ಮ ಅಡುಗೆ ತಿಂದು ಹೊಟ್ಟೆ ಕೆಟ್ಟಿತು" ಅಂದರೆ ಮಾತ್ರ ಪ್ರಾಣ ಹೋದರೂ ಒಪ್ಪುವುದಿಲ್ಲ. ನಾನು ಠಾಣೆ ಶಹರದ ವರ್ತಕ ನಗರದ ನಮ್ಮ ಮನೆಯಲ್ಲೇ ಚಕ್ಕುಲಿ, ಹೋಳಿಗೆ, ಅಪ್ಪ, ಪತ್ರೊಡೆ ಮಾಡಿ ಆರ್ಡರಿಗೆ ಕೊಡುವವಳು. ಠಾಣೆಯಿಂದ ಡೊಂಬಿವಲಿಯವರೆಗೆ ನಮ್ಮ ಕರಾವಳಿ ಕಡೆಯವರ ಮನೆಯಲ್ಲಿ ನಾಮಕರಣವೋ ಸತ್ಯನಾರಾಯಣ ಪೂಜೆಯೋ ಆದರೆ ನನಗೆ ಫೋನು ಬರುತ್ತದೆ. ಒಮ್ಮೆ ಡೊಂಬಿವಲಿಯ ಒಬ್ಬ ಹೆಂಗಸು ಫೋನು ಮಾಡಿ, "ನಿಮ್ಮ ಪತ್ರೊಡೆ ತಿಂದ ಮೇಲೆ ನಮ್ಮ ಮಾವ ಬಾತ್‌ರೂಮಿನಿಂದ ಹೊರಗೆ ಬರ್ತಾ ಇಲ್ಲ" ಅಂದಳು. ನಾನು ಒಂದು ಕ್ಷಣವೂ ತಡ ಮಾಡದೆ, "ಅವರು ಹೊರಗೆ ಎಂತ ತಿಂದಿದ್ದಾರೆ ಕೇಳಿ" ಅಂದೆ. ಬಾಗಿಲು ಬಡಿದು ಕೇಳಿದಳಂತೆ. ಮುದುಕರು ಸಂಜೆ ವಾಕಿಂಗಿಗೆ ಹೋದವರು ಸ್ಟೇಷನ್ನಿನ ಹೊರಗೆ ಪಾನಿಪುರಿ ತಿಂದದ್ದನ್ನು ಒಳಗಿನಿಂದಲೇ ಒಪ್ಪಿಕೊಂಡರಂತೆ. ಅವತ್ತಿನಿಂದ ನನ್ನ ನಂಬಿಕೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಜಗತ್ತಿನಲ್ಲಿ ಯಾರ ಹೊಟ್ಟೆ ಕೆಟ್ಟರೂ ಅದು ಬೇರೆ ಕಡೆ ತಿಂದು ಕೆಟ್ಟದ್ದು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನಾನು ಈಗ ಹೇಳಹೊರಟಿರುವುದು ನನ್ನದೇ ತಪ್ಪನ್ನು. ಓದಿದವರಾದರೆ ತಪ್ಪನ್ನು ಮೊದಲು ಹೇಳಿ ಆಮೇಲೆ ಕ್ಷಮೆ ಕೇಳುತ್ತಾರೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗೆ ಮೊದಲು ಜಗಳ, ಆಮೇಲೆ ತಪ್ಪು. ಕ್ಷಮೆಯ ವಿಷಯ ಕೊನೆಗೆ ನೋಡೋಣ.

ನನಗೆ ಒಬ್ಬನೇ ತಮ್ಮ, ದಿನೇಶ. ಅಮ್ಮ ತೀರಿಕೊಂಡಾಗ ಅವನು ಇನ್ನೂ ಚಡ್ಡಿ ಹಾಕುವ ಹುಡುಗ. ನನಗೆ ಮದುವೆಯಾಗಿ ಇಲ್ಲಿಗೆ ಬಂದು ವರ್ಷವಾಗಿತ್ತಷ್ಟೆ. ಒಂದೇ ಕೋಣೆಯ ಮನೆಗೆ ಅವನನ್ನು ಕರೆದುಕೊಂಡು ಬಂದೆ. ನಮ್ಮ ಯಜಮಾನರು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುವವರು. ಒಳ್ಳೆಯ ಮನುಷ್ಯ, ಒಂದು ಮಾತೂ ಆಡಲಿಲ್ಲ. ಹುಡುಗ ನನ್ನ ಕೈಯ ಅನ್ನ ತಿಂದು ಆರಡಿ ಬೆಳೆದ, ಕಾಲೇಜು ಮುಗಿಸಿದ, ಮಹಾಪೆಯ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ, ಸೀವುಡ್ಸ್‌ನಲ್ಲಿ ಸಣ್ಣ ಫ್ಲ್ಯಾಟು ಮಾಡಿಕೊಂಡ. ಇನ್ನು ಒಂದು ಹೆಣ್ಣು ತರುತ್ತಾನೆ ಅಂತ ನಾನು ಕಾದಿದ್ದರೆ, ಒಂದು ನಾಯಿ ತಂದ. ಆಫೀಸಿನ ಹಿಂದಿನ ಚಹಾದ ಟಪರಿಯ, ಅಂದರೆ ಗೂಡಂಗಡಿಯ, ಕೆಳಗೆ ಮಳೆಯಲ್ಲಿ ನಡುಗುತ್ತಿದ್ದ ಮರಿಯಂತೆ. ಸಪೋಟ ಹಣ್ಣಿನ ಬಣ್ಣ ಅಂತ ಚಿಕ್ಕು ಎಂದು ಹೆಸರಿಟ್ಟ. ನಾನು ನೋಡಿದ ಹುಡುಗಿಯರ ಫೋಟೋಗಳನ್ನು ಎರಡು ನಿಮಿಷ ನೋಡದವನು ಆ ನಾಯಿಯ ಫೋಟೋ ಮೊಬೈಲಿನಲ್ಲಿ ನೂರಾರು ಇಟ್ಟುಕೊಂಡಿದ್ದ.

ಆಫೀಸಿನವರು ಅವನನ್ನು ಸೂರತ್ತಿಗೆ ಕೆಲವು ದಿನದ ಕೆಲಸಕ್ಕೆ ಕಳಿಸಿದಾಗ ಚಿಕ್ಕುವನ್ನು ನಮ್ಮಲ್ಲಿ ಬಿಡಲು ಬಂದ. ಜೊತೆಗೆ ಅದರ ಹಾಸಿಗೆ, ಅದರ ಬಟ್ಟಲು, ಅದರ ಚೆಂಡು. ಮಗಳನ್ನು ಅತ್ತೆಮನೆಗೆ ಕಳಿಸುವವರ ಹಾಗೆ ಬಾಗಿಲಲ್ಲೇ ನಿಂತು ಬುದ್ಧಿ ಹೇಳತೊಡಗಿದ.

"ಅಕ್ಕಾ, ಅನ್ನ, ಬೇಯಿಸಿದ ಕೋಳಿ, ಒಂದು ತುಂಡು ಕುಂಬಳಕಾಯಿ. ಅಷ್ಟೇ. ಉಪ್ಪು ಬೇಡ, ಖಾರ ಬೇಡ, ಎಣ್ಣೆ ಬೇಡ. ನೀರುಳ್ಳಿ, ಬೆಳ್ಳುಳ್ಳಿ ಮುಟ್ಟಿಸ್ಲೇ ಬೇಡ. ಸಿಹಿ ಬೇಡ, ಕರಿದದ್ದು ಬೇಡ."

"ಒಗ್ಗರಣೆ?"

"ಅಕ್ಕಾ!"

"ಸುಮ್ಮನೆ ಕೇಳಿದ್ದು ಮಾರಾಯ. ಜೈಲಿನಲ್ಲೂ ಇದಕ್ಕಿಂತ ಒಳ್ಳೆ ಊಟ ಕೊಡ್ತಾರೆ."

"ಅದರ ಹೊಟ್ಟೆ ಸೂಕ್ಷ್ಮ ಉಂಟು."

"ಟಪರಿಯ ಕೆಳಗೆ ಹುಟ್ಟಿದ್ದಕ್ಕೆ ಸೂಕ್ಷ್ಮ ಹೊಟ್ಟೆಯಾ? ಅದರ ಅಪ್ಪ ಅಮ್ಮ ಎಂತ ಕುಂಬಳಕಾಯಿ ಬೇಯಿಸಿ ತಿನ್ನುತ್ತಿದ್ದರಾ?"

ಅವನು ನಗಲಿಲ್ಲ. ಮೆಟ್ಟಿಲು ಇಳಿಯುವ ಮೊದಲು ತಿರುಗಿ, "ನಿನ್ನ ಅಡುಗೆ ಮಾತ್ರ ಕೊಡ್ಬೇಡ ಅಕ್ಕಾ, ಪ್ಲೀಸ್" ಅಂದ.

ಈ ಮಾತನ್ನು ನೀವೇ ತೂಗಿ ನೋಡಿ. ಯಾರ ಅಡುಗೆ ಬೇಡ? ಇಡೀ ವರ್ತಕ ನಗರ ಬೇಡಿ ತಿನ್ನುವ ಅಡುಗೆ. ಹೇಳಿದ್ದು ಯಾರು? ಅದನ್ನೇ ತಿಂದು ಬೆಳೆದವನು. ಎದೆಯಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗಾಯಿತು.

ಆದರೂ ಮೊದಮೊದಲು ನಾನು ಅವನು ಹೇಳಿದ ಹಾಗೆಯೇ ಮಾಡಿದೆ, ದೇವರ ಮೇಲಾಣೆ. ಉಪ್ಪಿಲ್ಲದ ಕೋಳಿ ಬೇಯಿಸುವಾಗ ನನ್ನ ಕೈ ತಾನಾಗಿ ಉಪ್ಪಿನ ಡಬ್ಬಿಯ ಕಡೆ ಹೋಗುತ್ತಿತ್ತು, ಅದನ್ನು ಹಿಡಿದು ವಾಪಸು ತರುತ್ತಿದ್ದೆ. ಚಿಕ್ಕು ಬಟ್ಟಲಿಗೆ ಮೂತಿ ಹಾಕಿ ತಿನ್ನುತ್ತಿತ್ತು, ಸರಕಾರಿ ನೌಕರ ಫೈಲು ನೋಡುವ ಹಾಗೆ. ತಿಂದು ಮುಗಿಸಿ ಅಡುಗೆಮನೆಯ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿ ನನ್ನನ್ನು ನೋಡುತ್ತಿತ್ತು. ನಾನು ಕಾವಲಿಗೆ ದೋಸೆ ಹುಯ್ದರೆ ಅದರ ಕಿವಿ ನೆಟ್ಟಗಾಗುತ್ತಿತ್ತು. ತಿರುಗಿಸಿದರೆ ತಲೆ ಓರೆಯಾಗುತ್ತಿತ್ತು. ಈ ಮನೆಯಲ್ಲಿ ಇಷ್ಟು ವರ್ಷದಿಂದ ದೋಸೆ ಹುಯ್ಯುತ್ತಿದ್ದೇನೆ. ಯಜಮಾನರು ಪೇಪರು ನೋಡುತ್ತಾ ತಿನ್ನುತ್ತಾರೆ, ಮಗಳು ಅಶ್ವಿನಿ ಮೊಬೈಲು ನೋಡುತ್ತಾ ತಿನ್ನುತ್ತಾಳೆ. ನಾನು ದೋಸೆ ಹುಯ್ಯುವುದನ್ನು ಕೂತು ನೋಡಿದ ಮೊದಲನೆಯ ಜೀವ ಅದು. ನೀವಾದರೆ ಏನು ಮಾಡುತ್ತಿದ್ದಿರಿ? ನಾನು ದೋಸೆಯ ಒಂದು ಅಂಚು ಕೊಟ್ಟೆ. ಅಂಚಲ್ಲವೇ, ನಡು ಅಲ್ಲವಲ್ಲ.

ಅಂಚಿನಿಂದ ನಡುವಿಗೆ ಬರಲು ಎಷ್ಟು ಹೊತ್ತು? ಮರುದಿನ ಇಡೀ ದೋಸೆಗೆ ಬೆಣ್ಣೆ ಸವರಿ ಕೊಟ್ಟೆ. ಆಮೇಲೆ ಬಾಳೆಹಣ್ಣಿನ ಬನ್ಸ್. ಆಮೇಲೆ ಅನ್ನಕ್ಕೆ ಬೂತಾಯಿ ಮೀನಿನ ಸಾರು, ಖಾರ ಕಮ್ಮಿ ಮಾಡಿ, ತೆಂಗಿನಹಾಲು ಸ್ವಲ್ಪ ಹೆಚ್ಚು ಹಾಕಿ. ಆರ್ಡರಿನ ಚಕ್ಕುಲಿಯಲ್ಲಿ ಮುರಿದದ್ದೆಲ್ಲ ಅದಕ್ಕೇ. ನಾಯಿಗೆ ನನ್ನ ಮೇಲೆ ಎಷ್ಟು ಪ್ರೀತಿ ಬಂತೆಂದರೆ ನಾನು ಬಾತ್‌ರೂಮಿಗೆ ಹೋದರೂ ಬಾಗಿಲಲ್ಲಿ ಕಾಯುತ್ತಿತ್ತು. ಯಜಮಾನರು ಒಂದು ಸಲ, "ದಿನೇಶ ಕರಿದದ್ದು ಬೇಡ ಅಂದಿದ್ದನಲ್ಲ?" ಅಂದರು.

"ನಿಮಗೆ ಡಾಕ್ಟರು ಬೀಡಾ ಬೇಡ ಅಂದಿದ್ದರಲ್ಲ?" ಅಂದೆ.

ಅವರು ಪೇಪರಿನೊಳಗೆ ಹೋದರು.

ಇನ್ನು ನಾನು ಹೇಳುವುದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಮನೆಯಲ್ಲಿ ನಾಯಿ ಸಾಕಿದವರು ನಗಬಾರದು. ಒಂದು ದಿನ ಚಿಕ್ಕು ಪದೇಪದೇ ತುಟಿ ನೆಕ್ಕಿಕೊಳ್ಳತೊಡಗಿತು. ಬಾಯಿಂದ ಜೊಲ್ಲು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಾನು ಆಗ ಕಾಯಿ ಅರೆದು ಹಾಕಿದ ಗಸಿ ಕುದಿಸುತ್ತಿದ್ದೆ. ಗಸಿಯ ಪರಿಮಳಕ್ಕೆ ಬಾಯಲ್ಲಿ ನೀರು ಬಂದಿದೆ ಅಂತ ನನಗೆ ಹೆಮ್ಮೆಯೋ ಹೆಮ್ಮೆ. ಅಶ್ವಿನಿಯನ್ನು ಕರೆದು, "ನೋಡು, ಬುದ್ಧಿ ಇರುವ ಪ್ರಾಣಿ ಹೇಗೆ ಮರ್ಯಾದೆ ಕೊಡ್ತದೆ" ಅಂದೆ. ಅವಳು "ಛೀ ಮಮ್ಮಿ, ಪೋಛಾ ಮಾರೋ" ಅಂದಳು. ಆ ಜೊಲ್ಲನ್ನು ನಾನೇ ಒರೆಸಿದೆ, ಬಹುಮಾನವನ್ನು ಒರೆಸಿಡುವ ಹಾಗೆ.

ಮರುದಿನ ಶನಿವಾರ. ಬೆಳಿಗ್ಗೆ ಸೊಸೈಟಿಯ ಕೆಳಗೆ ಸುತ್ತಾಡಿಸಲು ಕರೆದುಕೊಂಡು ಹೋದರೆ ಚಿಕ್ಕು ಹಗ್ಗ ಎಳೆದುಕೊಂಡು ಹೋಗಿ ಹುಲ್ಲು ತಿನ್ನತೊಡಗಿತು. ದನದ ಹಾಗೆ, ತಲೆ ಎತ್ತದೆ. ನನಗೆ ರೋಮಾಂಚನವಾಯಿತು. ನಮ್ಮ ಮನೆಯಲ್ಲಿ ಶನಿವಾರ ಮೀನು ಮಾಂಸ ಇಲ್ಲ. ಹಾಗಾಗಿ ಅವತ್ತು ಅದಕ್ಕೂ ಕೋಳಿ ಹಾಕಿರಲಿಲ್ಲ. ನಮ್ಮ ಮನೆಯ ವ್ರತ ನಾಯಿಗೂ ತಿಳಿಯಿತಲ್ಲ ಅಂತ ನಾನು ವಾಚ್‌ಮನ್‌ಗೆ ಹೇಳಿದೆ. ಅವನು ಕಲಬುರಗಿ ಕಡೆಯವನು. "ಅಕ್ಕಾರ, ಹೊಟ್ಟ್ಯಾಗ ಗಡಬಡ ಇದ್ರ ನಾಯಿ ಹುಲ್ಲ ತಿಂತಾವ್ರಿ" ಅಂದ. ನಮ್ಮ ಮನೆಯ ಅನ್ನ ತಿಂದ ನಾಯಿಗೆ ಹೊಟ್ಟೆಯಲ್ಲಿ ಗಡಬಡವಾ? ಅವನ ಜೊತೆ ಆ ಮೇಲೆ ನಾಲ್ಕು ದಿನ ನಾನು ಮಾತಾಡಲಿಲ್ಲ.

ಸಂಜೆ ನಮ್ಮ ಮನೆಯಲ್ಲಿ ಭಜನೆ. ಸುತ್ತಲಿನ ನಮ್ಮ ಕಡೆಯ ಹೆಂಗಸರು ಶನಿವಾರ ಶನಿವಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಅವತ್ತು ನನ್ನ ಸರದಿ. ದೀಪ ಹಚ್ಚಿ ತುಪ್ಪದಲ್ಲಿ ಕರಿದ ಅಪ್ಪ, ಪಂಚಕಜ್ಜಾಯ, ಕಡಲೆ ಉಸ್ಲಿ ದೇವರ ಮುಂದೆ ಇಟ್ಟಿದ್ದೆ. ಭಜನೆಗೆ ಮುಂದಾಳು ಶಕುಂತಲಕ್ಕ. ತಾಳ ಅವರ ಕೈಯಲ್ಲಿದ್ದರೆ ನಮ್ಮ ಉಸಿರೂ ಅವರ ಲೆಕ್ಕದಲ್ಲೇ ಹೋಗಬೇಕು. ಎರಡು ಭಜನೆ ಆಗಿತ್ತು. ಮೂಲೆಯಲ್ಲಿ ಮಲಗಿದ್ದ ಚಿಕ್ಕು ಮೆಲ್ಲಗೆ ಎದ್ದು ಬಂತು. ದೀಪದ ಎದುರಿಗೆ ನಿಂತಿತು. ಮುಂಗಾಲು ಎರಡನ್ನೂ ಮುಂದೆ ಚಾಚಿ, ಎದೆಯನ್ನು ನೆಲಕ್ಕೆ ತಾಗಿಸಿ, ತಲೆಯನ್ನು ಕಾಲುಗಳ ನಡುವೆ ಇಟ್ಟು, ಹಿಂಭಾಗವನ್ನು ಮೇಲೆಯೇ ಇಟ್ಟು ಹಾಗೇ ನಿಂತುಬಿಟ್ಟಿತು. ಅರೆಕ್ಷಣವಲ್ಲ, ಒಂದು ಚರಣ ಮುಗಿಯುವವರೆಗೆ.

ತಾಳ ನಿಂತಿತು. ಶಕುಂತಲಕ್ಕನ ತಾಳ ನಿಂತದ್ದನ್ನು ನಾವು ಯಾರೂ ಅದಕ್ಕೆ ಮೊದಲು ಕಂಡವರಲ್ಲ.

"ಗಿರಿಜಾ," ಎಂದು ಅವರು ನನ್ನನ್ನು ಕರೆದರು, "ಇದು ನಾಯಿಯಲ್ಲ ಮಾರಾಯ್ತಿ. ಹಿಂದಿನ ಜನ್ಮದಲ್ಲಿ ಯಾರೋ ದೊಡ್ಡವರು."

"ನಮ್ಮ ಮನೆಯವರಿಗೆ ಅರವತ್ತಾದರೂ ದೇವರಿಗೆ ಹೀಗೆ ಬಗ್ಗಲಿಲ್ಲ" ಅಂದರು ಇನ್ನೊಬ್ಬರು.

"ಅವರ ಹೊಟ್ಟೆ ಅಡ್ಡ ಬರ್ತದೆ ಬಿಡಿ" ಅಂದರು ಪಕ್ಕದವರು.

ಚಿಕ್ಕು ಎದ್ದಿತು, ಎರಡು ಹೆಜ್ಜೆ ಹೋಯಿತು, ಮತ್ತೆ ಹಾಗೆಯೇ ಬಗ್ಗಿತು. ಇಬ್ಬರು ಕಣ್ಣೊರೆಸಿಕೊಂಡರು. ಭಜನೆ ಮತ್ತೆ ಶುರುವಾಯಿತು, ಮೊದಲಿನ ಎರಡು ಪಟ್ಟು ಗಟ್ಟಿಯಾಗಿ. ಮಂಗಳಾರತಿ ಆದ ಮೇಲೆ ಮೊದಲ ಪ್ರಸಾದ ಯಾರಿಗೆ? ನೀವು ಊಹಿಸಿದ್ದು ಸರಿ. ಶಕುಂತಲಕ್ಕ ತಮ್ಮ ಕೈಯಾರೆ ಒಂದು ಅಪ್ಪ ಕೊಟ್ಟರು. ಚಿಕ್ಕು ಮೂಸಿ ಮುಖ ತಿರುಗಿಸಿತು. "ಎಷ್ಟು ವೈರಾಗ್ಯ ನೋಡಿ!" ಎಂದು ಎಲ್ಲರೂ ಕೈ ಮುಗಿದರು. ನಾನು ಅದರ ಬಾಯಿ ಬಿಡಿಸಿ ಅಪ್ಪವನ್ನು ಇಟ್ಟೆ, ಪ್ರಸಾದ ಬೇಡ ಅನ್ನಬಾರದು ಅಂತ. ಅಪ್ಪ ಕರಿಯುವಾಗಲೆಲ್ಲ ಈಗಲೂ ನನಗೆ ಇದೊಂದು ನೆನಪಾಗುತ್ತದೆ.

ಅವತ್ತೇ ದಿನೇಶನಿಗೆ ಫೋನು ಮಾಡಿದೆ. "ನಿನ್ನ ನಾಯಿ ನಿನ್ನ ಹತ್ತಿರ ಇದ್ದಾಗ ದೇವರಿಗೆ ನಮಸ್ಕಾರ ಮಾಡ್ತಿತ್ತಾ?" ಅಂತ ಕೇಳಿದೆ. ಅವನಿಗೆ ಸುತ್ತಲಿನ ಗಲಾಟೆಯ ನಡುವೆ ಅರ್ಥವಾಗಲಿಲ್ಲ. "ಊಟ ಮಾಡ್ತಾ ಉಂಟಾ ಅಕ್ಕಾ? ನಾನು ಹೇಳಿದ್ದೇ ಕೊಡ್ತಾ ಇದ್ದಿಯಲ್ಲ?" ಅಂದ. "ಕೊಡ್ತಾ ಇದ್ದೇನೆ" ಅಂದೆ. ಒಂದೇ ಸುಳ್ಳು. ಆದರೆ ಸುಳ್ಳು ಕೂಡ ಚಕ್ಕುಲಿಯ ಹಾಗೆ. ಒಂದು ಸುತ್ತು ಹಾಕಿದರೆ ಮುಗಿಯುವುದಿಲ್ಲ, ಸುತ್ತುತ್ತಾ ಹೋಗಬೇಕು.

ಬೆಳಗಾದಾಗ ಹಾಲ್‌ನ ತುಂಬ ವಾಂತಿ. ಅಡುಗೆಮನೆಯ ದಾರಿಯುದ್ದಕ್ಕೂ ಭೇದಿ. ಯಜಮಾನರು ಹಾಲಿನ ಪ್ಯಾಕೆಟು ತರಲು ಹೊರಟವರು ಜಾರಿ ಗೋಡೆ ಹಿಡಿದು ನಿಂತರು. ಆಗ ನಾನು ಏನು ಮಾಡಬೇಕಿತ್ತು? ನಾಯಿಯನ್ನು ನೋಡಬೇಕಿತ್ತು. ನಾನು ಏನು ಮಾಡಿದೆ? "ಇದಕ್ಕೆ ಯಾರು ಎಂತ ಕೊಟ್ಟದ್ದು?" ಎಂದು ಕೂಗಿದೆ. ಭಜನೆಯವರಲ್ಲಿ ಯಾರೋ ಏನೋ ತಿನ್ನಿಸಿರಬೇಕು. ವಾಚ್‌ಮನ್ ಬಿಸ್ಕೆಟ್ ಹಾಕಿರಬೇಕು. ಹುಲ್ಲಿಗೆ ಸೊಸೈಟಿಯವರು ಔಷಧಿ ಹೊಡೆದಿರಬೇಕು. ಪೋಲೀಸರ ಹಾಗೆ ಇಡೀ ಕಟ್ಟಡದವರನ್ನು ಮನಸ್ಸಿನಲ್ಲೇ ವಿಚಾರಣೆ ಮಾಡಿದೆ, ಅಡುಗೆಮನೆಯ ಒಳಗಿದ್ದ ಒಬ್ಬಳನ್ನು ಬಿಟ್ಟು. ಕೊನೆಗೆ ನನಗೆ ಕಾರಣ ಹೊಳೆಯಿತು: ದೃಷ್ಟಿ! ಅಷ್ಟು ಜನ ಹೆಂಗಸರು ಒಟ್ಟಿಗೆ ಹೊಗಳಿದರೆ ಆನೆಗೂ ದೃಷ್ಟಿ ತಾಗುತ್ತದೆ, ಇದು ಎಷ್ಟರ ನಾಯಿ? ಉಪ್ಪು, ಒಣಮೆಣಸು ತಂದು ಚಿಕ್ಕುವಿಗೆ ಸುತ್ತಿ ಒಲೆಗೆ ಹಾಕಿದೆ. ಮೆಣಸಿನ ಘಾಟಿಗೆ ನಾನು ಕೆಮ್ಮಿದೆ, ಯಜಮಾನರು ಕೆಮ್ಮಿದರು, ಮೇಲಿನ ಮಹಡಿಯವರು ಕೆಮ್ಮುತ್ತಾ ಕಿಟಕಿಯಿಂದ ಬೈದರು. ಚಿಕ್ಕು ಮಾತ್ರ ಕೆಮ್ಮಲೂ ಶಕ್ತಿಯಿಲ್ಲದೆ ಮೂಲೆಯಲ್ಲಿ ಮತ್ತೆ ಹಾಗೆಯೇ ಬಗ್ಗಿ ನಿಂತಿತ್ತು. ಅಲ್ಲಿ ದೇವರಿರಲಿಲ್ಲ. ವಾಶಿಂಗ್ ಮಷಿನ್ ಇತ್ತು.

ಅದನ್ನು ನೋಡಿ ಅಡುಗೆಮನೆಗೆ ಓಡಿದೆ. ಜೀರಿಗೆ ಕಷಾಯ ಮಾಡಿ ಚಮಚದಲ್ಲಿ ಹಿಡಿದರೆ ಅದು ಹಲ್ಲು ಕಚ್ಚಿಕೊಂಡಿತು. ಭಾನುವಾರದ ಕ್ಲಾಸಿಗೆ ಹೊರಟಿದ್ದ ಅಶ್ವಿನಿ ಬ್ಯಾಗು ಕೆಳಗಿಟ್ಟು, "ಬಸ್ ಹೋ ಗಯಾ ಮಮ್ಮಿ, ಡಾಕ್ಟರ್ ಕೆ ಪಾಸ್ ಚಲೋ" ಅಂತ, ಸಾಕು, ಡಾಕ್ಟರ ಹತ್ತಿರ ನಡಿ ಎಂದು ಹಿಂದಿಯಲ್ಲೇ ಹೇಳಿ ನಾಯಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಎತ್ತಿಕೊಂಡೇಬಿಟ್ಟಳು. ರಿಕ್ಷಾದವನು ನಾಯಿ ಎಂದು ತಿಳಿದು ಬೇಡ ಅಂದಾನು ಅಂತ ನಾನು ಅದರ ಮುಖ ಮುಚ್ಚಿ, "ಮಗುವಿಗೆ ಹುಷಾರಿಲ್ಲ" ಅಂದೆ. ಬೆಡ್‌ಶೀಟಿನಿಂದ ಬಾಲ ಹೊರಗೆ ಬಂದಿತ್ತು. ಒಳ್ಳೆಯವನು, ರಸ್ತೆಯ ಗುಂಡಿ ತಪ್ಪಿಸಿ ಓಡಿಸಿದ.

ಪ್ರಾಣಿಗಳ ಡಾಕ್ಟರು ವಯಸ್ಸಾದ ಮರಾಠಿಯವರು. ಚಿಕ್ಕುವಿನ ಹೊಟ್ಟೆ ಒತ್ತಿದರು, ಅದು ಕುಂಯ್ ಅಂದಿತು. ವಸಡು ನೋಡಿದರು. "ಕಾಯ್ ದಿಲಂ ಖಾಯ್ಲಾ?" ಎಂದು ತಿನ್ನಲು ಕೊಟ್ಟದ್ದನ್ನು ಕೇಳಿದರು.

ನಾನು ದಿನೇಶನ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದೆ. ಅನ್ನ, ಬೇಯಿಸಿದ ಕೋಳಿ, ಕುಂಬಳಕಾಯಿ. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ಶಾಲೆಯಲ್ಲಿ ನಾನು ಯಾವ ಪದ್ಯವನ್ನೂ ಇಷ್ಟು ಚೆನ್ನಾಗಿ ಒಪ್ಪಿಸಿರಲಿಲ್ಲ. ಅಶ್ವಿನಿ ನನ್ನ ಮೊಣಕೈ ಹಿಂಡಿದಳು. ನಾನು ಮೊಣಕೈ ಬಿಡಿಸಿಕೊಂಡೆ.

"ಬಾಯಿಂದ ಜೊಲ್ಲು?"

"ಇತ್ತು."

"ಹುಲ್ಲು ತಿಂತಾ?"

"ಶನಿವಾರ ಮಾತ್ರ" ಅಂದೆ.

ಡಾಕ್ಟರು ಒಮ್ಮೆ ಕನ್ನಡಕದ ಮೇಲಿನಿಂದ ನೋಡಿದರು. ಆಮೇಲೆ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಉದ್ದಕ್ಕೆ ಚಾಚಿ, ತಲೆ ತಗ್ಗಿಸಿ, ಹಿಂಭಾಗ ಎತ್ತಿ, "ಹೀಗೆ ಏನಾದರೂ ಮಾಡಿತ್ತಾ?" ಎಂದು ಹಿಂದಿಯಲ್ಲಿ ಕೇಳಿದರು. ಅಷ್ಟು ದೊಡ್ಡ ಮನುಷ್ಯ ಹಾಗೆ ಬಗ್ಗಿದ್ದನ್ನು ನೋಡಿ ನನಗೆ ಕೈ ಮುಗಿಯಬೇಕೋ ಅನ್ನಿಸಿತು.

"ಮಾಡಿತ್ತು. ದೇವರ ಮುಂದೆ. ಭಜನೆಯ ಹೊತ್ತಿಗೆ" ಅಂದೆ.

"ಹೊಟ್ಟೆನೋವು ತಡೆಯಲಾಗದೆ ಇದ್ದರೆ ನಾಯಿಗಳು ಹಾಗೆ ಬಗ್ಗುತ್ತವೆ ಅಮ್ಮಾ. ದೇವರಿಗಲ್ಲ."

ಆ ಮಾತು ಕೇಳಿದ ಮೇಲೆ ನನ್ನ ಕಿವಿಯಲ್ಲಿ ಶನಿವಾರದ ಭಜನೆ ಇನ್ನೊಮ್ಮೆ ಮೊದಲಿನಿಂದ ಕೊನೆಯವರೆಗೆ ಕೇಳಿಸಿತು. ಒಂದು ಜೀವ ನೋವಿನಿಂದ ನೆಲಕ್ಕೆ ಎದೆ ಒತ್ತಿ ನಿಂತಿದೆ, ನಾವು ಅಷ್ಟು ಜನ ಸುತ್ತ ಕೂತು ಚಪ್ಪಾಳೆ ತಟ್ಟುತ್ತಿದ್ದೇವೆ. ಆದರೂ, ನೋಡಿ ನನ್ನ ಹಟ, ಆದರೂ ನಾನು ಬಾಯಿ ಬಿಡಲಿಲ್ಲ. ಡಾಕ್ಟರು ಅಶ್ವಿನಿಯ ಕಡೆ ತಿರುಗಿ, ಬರೀ ಅನ್ನ ಕೋಳಿ ತಿಂದ ನಾಯಿಗೆ ಹೀಗಾಗುವುದು ಕಡಿಮೆ, ಏನೋ ನುಂಗಿರಬೇಕು, ಚೆಂಡಿನ ಚೂರೋ ಬಟ್ಟೆಯೋ ಕರುಳಿನಲ್ಲಿ ಸಿಕ್ಕಿರಬೇಕು, ಎಕ್ಸ್‌ರೇ ತೆಗೆದು ನೋಡಿ ಬೇಕಾದರೆ ಹೊಟ್ಟೆ ಕೊಯ್ಯಬೇಕಾದೀತು ಅಂದರು. ಸಹಾಯಕ್ಕಿದ್ದ ಹೆಂಗಸು ಚಿಕ್ಕುವಿನ ಹೊಟ್ಟೆಯ ಕೂದಲಿನ ಮೇಲೆ ಕೈಯಾಡಿಸಿ ಜಾಗ ನೋಡತೊಡಗಿದಳು. ಚಿಕ್ಕು ಕತ್ತು ಎತ್ತಿ ನನ್ನನ್ನು ನೋಡಿತು. ದೋಸೆ ಹುಯ್ಯುವಾಗ ನೋಡುತ್ತಿದ್ದ ಹಾಗೆಯೇ, ನಾನು ಏನು ಮಾಡಿದರೂ ಒಳ್ಳೆಯದೇ ಮಾಡುತ್ತೇನೆ ಎಂಬ ಹಾಗೆ.

"ಕೊಯ್ಯಬೇಡಿ!" ಅಂತ ಕೂಗಿದೆ. "ಅದು ಏನೂ ನುಂಗಲಿಲ್ಲ. ನಾನೇ ನುಂಗಿಸಿದ್ದು."

ಆಮೇಲೆ ನನ್ನನ್ನು ತಡೆಯುವವರು ಯಾರು? ಬೆಣ್ಣೆ ದೋಸೆಯಿಂದ ಶುರು ಮಾಡಿದೆ. ಬನ್ಸ್‌ಗೆ ಬಂದೆ. ಚಕ್ಕುಲಿಗೆ ಬಂದೆ. ಬೂತಾಯಿಯ ಸಾರಿಗೆ ಎಷ್ಟು ನೀರುಳ್ಳಿ, ಎಷ್ಟು ಬೆಳ್ಳುಳ್ಳಿ, ತೆಂಗಿನಹಾಲು ಯಾವ ಹದಕ್ಕೆ ಹಾಕಬೇಕು ಎಲ್ಲ ಹೇಳಿದೆ. ಅಪ್ಪಕ್ಕೆ ಅಕ್ಕಿ ಎಷ್ಟು ಹೊತ್ತು ನೆನೆಸಬೇಕು, ತುಪ್ಪ ಮನೆಯಲ್ಲೇ ಕಾಯಿಸಿದ್ದು, ಡಬ್ಬಿಯದ್ದಲ್ಲ ಅಂತಲೂ ಹೇಳಿದೆ. ತಪ್ಪು ಒಪ್ಪಿಕೊಳ್ಳುವಾಗಲೂ ನನ್ನ ತುಪ್ಪದ ಮೇಲೆ ಸಂಶಯ ಬರಬಾರದಲ್ಲ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದರು. ಹೊರಗಿನ ಬೆಂಚಿನಲ್ಲಿ ಬೆಕ್ಕು ಹಿಡಿದು ಕೂತಿದ್ದ ಒಬ್ಬ ಹೆಂಗಸು ಬಾಗಿಲಿನಿಂದ ಇಣುಕಿ, "ತಾಯಿ, ಆರ್ಡರ್ ಘೇತಾ ಕಾ?" ಎಂದು ಆರ್ಡರ್ ತೆಗೆದುಕೊಳ್ಳುತ್ತೀರಾ ಅಂತ ಕೇಳಿದಳು. ದೇವರಾಣೆ, ನಾನು ನಂಬರು ಕೊಡಲಿಲ್ಲ. ಅಶ್ವಿನಿ ಕೊಟ್ಟಳಂತೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆ. "ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಹೊತ್ತು ಅದು ನೋವು ತಿನ್ನುತ್ತಿರಲಿಲ್ಲ" ಅಂದರು, ಅಷ್ಟೇ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು, ಇಂಜೆಕ್ಷನ್ ಕೊಟ್ಟರು, ಕಾಲಿಗೆ ಸಲೈನ್ ಹಾಕಿದರು. ಅಷ್ಟು ಕೊಬ್ಬು ಒಟ್ಟಿಗೆ ಹೋದರೆ ನಾಯಿಯ ಹೊಟ್ಟೆಯೊಳಗೆ ಊತ ಬರುತ್ತದೆ, ಕೆಲವು ನಾಯಿಗಳು ಉಳಿಯುವುದೂ ಇಲ್ಲ ಅಂತ ಅಶ್ವಿನಿಗೆ ಹೇಳಿದರು. ಅವಳು ಮನೆಗೆ ಹೋಗುವ ರಿಕ್ಷಾದಲ್ಲಿ ನನಗೆ ಹೇಳಿದಳು, ಈ ಸಲ ಕನ್ನಡದಲ್ಲಿ. ದಿನವೂ ಸಲೈನಿಗೆ ಕರೆದುಕೊಂಡು ಹೋದೆವು. ನನ್ನ ಸೆರಗು ಅದರ ದಿಂಬು. ಆ ದಿನಗಳಲ್ಲಿ ಬಂದ ಎರಡು ಆರ್ಡರುಗಳನ್ನು ಆಗುವುದಿಲ್ಲ ಅಂದುಬಿಟ್ಟೆ. ಶಕುಂತಲಕ್ಕ ಫೋನು ಮಾಡಿ, "ನಮ್ಮ ಸ್ವಾಮಿಗಳು ಹೇಗಿದ್ದಾರೆ?" ಅಂತ ಕೇಳಿದರು. ವಿಷಯ ಹೇಳಿದೆ. "ನೋವಿನಲ್ಲೂ ದೇವರ ಎದುರಿಗೇ ಹೋಯಿತಲ್ಲ ಗಿರಿಜಾ" ಅಂದರು. ಭಕ್ತಿ ಇದ್ದವರನ್ನು ಡಾಕ್ಟರೂ ಸೋಲಿಸಲಾರರು.

ಚಿಕ್ಕು ಮೊದಲು ನೀರು ಕುಡಿಯಿತು. ಆಮೇಲೆ ಗಂಜಿಯ ತಿಳಿ. ಒಂದು ಬೆಳಿಗ್ಗೆ ಉಪ್ಪಿಲ್ಲದ ಕೋಳಿಯನ್ನು ತಿಂದು ಬಟ್ಟಲನ್ನೂ ನೆಕ್ಕಿತು. ಆ ರುಚಿಯಿಲ್ಲದ ಕೋಳಿಯನ್ನು ಅದು ತಿಂದದ್ದು ಕಂಡು ನನಗಾದ ಸಂತೋಷ, ಯಾವ ಮದುವೆಯ ಊಟವನ್ನು ಹೊಗಳಿದಾಗಲೂ ಆದದ್ದಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆ. ಆದರೂ ಬರೆದೆ.

ದಿನೇಶ ಬಂದ ದಿನ ಚಿಕ್ಕು ಅವನ ಮೇಲೆ ಹಾರಿ ಮುಖ ನೆಕ್ಕಿತು. "ಸ್ವಲ್ಪ ಇಳಿದಿದೆಯಲ್ಲ?" ಅಂದ. ಫೋನಿನಲ್ಲಿ ನಾನು ಪ್ರತಿದಿನ ಚೆನ್ನಾಗಿದೆ ಅಂತಲೇ ಹೇಳಿದ್ದೆ. ಯಜಮಾನರು ಪೇಪರು ಹಿಡಿದರು, ಅಶ್ವಿನಿ ಮೊಬೈಲು ಹಿಡಿದಳು. ನನಗೆ ಹಿಡಿಯಲು ಏನೂ ಇರಲಿಲ್ಲ. ಎಲ್ಲ ಹೇಳಿದೆ. ಈ ಸಲ ತುಪ್ಪದ ವಿಷಯ ಹೇಳಲಿಲ್ಲ. ಬಲವಂತವಾಗಿ ಬಾಯಿಗೆ ಇಟ್ಟ ಅಪ್ಪದ ವಿಷಯವನ್ನೂ ಹೇಳಿದೆ. ಅವನು ಚಿಕ್ಕುವಿನ ಕಾಲಿನಲ್ಲಿ ಸಲೈನಿಗೆ ಕೂದಲು ತೆಗೆದ ಜಾಗವನ್ನು ಬೆರಳಿನಿಂದ ಸವರುತ್ತಾ ಕೂತಿದ್ದ. ನಾನು ಬೈಗುಳಕ್ಕೆ ಕಾದೆ. ನಿಜ ಹೇಳಬೇಕೆಂದರೆ ಉತ್ತರವನ್ನೂ ತಯಾರು ಮಾಡಿಟ್ಟುಕೊಂಡಿದ್ದೆ. ಇಷ್ಟು ಚಿಂತೆ ಇದ್ದವನು ಸೂರತ್ತಿಗೆ ಯಾಕೆ ಹೋದೆ ಅಂತ.

ಅವನು ಬೈಯಲಿಲ್ಲ. "ಅದಕ್ಕೆ ಬಾಯಿ ಬರುವುದಿಲ್ಲ ಅಕ್ಕಾ. ನನಗೆ ಬರ್ತಿತ್ತು. ನಾನೂ ಹೇಳ್ಲಿಲ್ಲ" ಅಂದ.

"ಎಂತ ಹೇಳ್ಲಿಲ್ಲ?"

"ಚಿಕ್ಕವನಿದ್ದಾಗ. ನೀನು ಬಡಿಸ್ತಾ ಇದ್ದೆ, ಬಡಿಸ್ತಾ ಇದ್ದೆ. ಬೇಡ ಅಂದರೆ ನಿನ್ನ ಮುಖ ಸಣ್ಣ ಆಗ್ತಿತ್ತು. ಹೊಟ್ಟೆನೋವು ಬಂದರೆ ಪರೀಕ್ಷೆ ಉಂಟು ಅಂತ ಹೇಳಿ ಪುಸ್ತಕ ಹಿಡ್ಕೊಂಡು ಮೆಟ್ಟಿಲ ಮೇಲೆ ಹೋಗಿ ಕೂರ್ತಿದ್ದೆ, ಹೊಟ್ಟೆ ಒತ್ಕೊಂಡು."

ನಾನು ಆ ದಿನಗಳನ್ನು ಚೆನ್ನಾಗಿ ಬಲ್ಲೆ. ಮೆಟ್ಟಿಲ ಮೇಲೆ ಬಗ್ಗಿ ಕೂತು ಓದುವ ತಮ್ಮನನ್ನು ನೆರೆಹೊರೆಯವರಿಗೆಲ್ಲ ತೋರಿಸಿ, "ಎಷ್ಟು ಓದುತ್ತಾನೆ ನೋಡಿ, ತಲೆಯೇ ಎತ್ತುವುದಿಲ್ಲ" ಅಂತ ಹೇಳಿಕೊಂಡು ತಿರುಗಿದವಳು ನಾನೇ. ತಂಪಾಗಲಿ ಅಂತ ಅಲ್ಲಿಗೇ ಒಂದು ಲೋಟ ಹಾಲು, ಎರಡು ಉಂಡೆ ತೆಗೆದುಕೊಂಡು ಹೋಗಿ ಕೊಡುತ್ತಿದ್ದೆ.

ಯಾವ ಅಡುಗೆಗೆ ನೋವು ಬರುತ್ತಿತ್ತು ಅಂತ ಕೇಳಿದೆ. ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ, ನಗುತ್ತಾನೆ. ಭಾನುವಾರ ಚಿಕ್ಕುವನ್ನು ಕರೆದುಕೊಂಡು ಊಟಕ್ಕೆ ಬರುತ್ತಾನೆ. ಚಿಕ್ಕುವಿನ ಊಟದ ಡಬ್ಬಿ ಅವನೇ ತರುತ್ತಾನೆ. ನಾನು ಅದರ ಮುಚ್ಚಳ ಕೂಡ ತೆಗೆಯುವುದಿಲ್ಲ. ಆ ನಾಯಿಯ ಒಂದು ತೇಗು ಬಂದರೂ ಈಗ ನನಗೆ ಅರ್ಥ ಗೊತ್ತು. ಗೊತ್ತಾಗದಿರುವುದು ತಮ್ಮನದು. ಅವನು ಗಸಿ ಕಲಸಿಕೊಂಡು ತಿನ್ನುವಾಗ ನಾನು ಎದುರಿಗೆ ಕೂತು ಅವನ ಮುಖವನ್ನೇ ನೋಡುತ್ತೇನೆ. ತುಟಿ ನೆಕ್ಕಿಕೊಂಡರೆ ಅದು ರುಚಿಗೋ ಸಂಕಟಕ್ಕೋ ತಿಳಿಯುವುದಿಲ್ಲ. "ಹೇಗುಂಟು?" ಅಂದರೆ, "ಭಾರೀ ಲಾಯ್ಕ್ ಉಂಟು ಅಕ್ಕಾ" ಅನ್ನುತ್ತಾನೆ. ಹೀಗೆ ಇಪ್ಪತ್ತು ವರ್ಷದಿಂದ ಅನ್ನುತ್ತಿದ್ದಾನಲ್ಲ, ಹೇಗೆ ನಂಬುವುದು? ಬೇಡ ಅಂತ ಒಂದು ಮಾತು ಹೇಳು, ಮುಖ ಸಣ್ಣ ಮಾಡುವುದಿಲ್ಲ, ಬಡಿಸುವುದೂ ಇಲ್ಲ ಅಂತ ಅವನಿಗೆ ಬಾಯಿ ಬಿಟ್ಟು ಹೇಳಿದ್ದೇನೆ. ಅವನು ಹೇಳುತ್ತಿಲ್ಲ. ನಾನು ಸೌಟು ಹಿಡಿದು ಸ್ವಲ್ಪ ಹೊತ್ತು ಕಾಯುತ್ತೇನೆ, ಆಮೇಲೆ ಬಡಿಸುತ್ತೇನೆ. ಇನ್ನೇನು ಮಾಡಲಿ, ಹೇಳಿ?